ಪ್ರಶ್ನೆ ಬಿಟ್ಟು ಹೊರಟ ಒಂದು ಭಾನುವಾರ

ನಿಮ್ಮ ಮನೆಯಲ್ಲಿ ಹದಿನಾಲ್ಕು ಹದಿನೈದರ ಮಗಳೋ ಮಗನೋ ಇದ್ದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿನ್ನೆ ಇಡೀ ದಿನ ಅವರ ಹತ್ತಿರ ನೀವಾಡಿದ ಮಾತಿನಲ್ಲಿ ಪ್ರಶ್ನೆ ಎಷ್ಟು, ಬೈಗುಳ ಎಷ್ಟು, ಬರೀ ಮಾತು ಎಷ್ಟು? ಎದ್ಯಾ, ತಿಂದ್ಯಾ, ಓದಿದ್ಯಾ, ಯಾರದು ಫೋನು, ಇನ್ನೂ ಎಷ್ಟು ಹೊತ್ತು ಅದನ್ನೇ ನೋಡ್ತೀಯ... ನಾನೂ ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ಈ ಲೆಕ್ಕ ಹಾಕಿದೆ. 'ಬರೀ ಮಾತು' ಅನ್ನೋ ಖಾನೆ ಖಾಲಿ ಇತ್ತು!

ಪ್ರಶ್ನೆಗೆ ತಕ್ಕ ಹಾಗೆ ಉತ್ತರವೂ. 'ಹೂಂ', 'ಗೊತ್ತಿಲ್ಲ', 'ಆಮೇಲೆ'. ಅದಕ್ಕೆ ಇನ್ನೊಂದು ಕಾರಣವೂ ಇತ್ತು, ಹೇಳಿಕೊಳ್ಳಲು ನಾಚಿಕೆ. ಪರೀಕ್ಷೆಗೆ ಮುಂಚೆ ಒಂದು ದಿನ ಮಗಳು ಸ್ನಾನಕ್ಕೆ ಹೋಗಿದ್ದಾಗ ಅವಳ ಮೊಬೈಲಿನಲ್ಲಿದ್ದ ಮೆಸೇಜು ಓದಿದ್ದೆ. ಅದರಲ್ಲಿ ಏನೂ ಇರಲಿಲ್ಲ. ಆದರೆ ನಾನು ಓದಿದ್ದು ಅವಳಿಗೆ ಗೊತ್ತಾಯಿತು. ಅವತ್ತಿನಿಂದ ಫೋನಿಗೂ ಬೀಗ, ಬಾಯಿಗೂ ಬೀಗ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಅವಳನ್ನು ಕರೆದುಕೊಂಡು ಮೈಸೂರಿಗೆ ಹೊರಟೆ. ಮೈಸೂರೇ ಯಾಕೆ ಅಂದರೆ ನಾನು ಬಿ.ಎ. ಓದಿದ್ದು ಅಲ್ಲೇ. 'ಇಬ್ಬರೇನಾ? ಏನು ವಿಶೇಷ?' ಎಂದರು ಯಜಮಾನರು. 'ಮೈಸೂರಿಗೆ ಹೋಗಿ ನಮ್ಮ ಅಕ್ಕನ ಮನೆಗೆ ಹೋಗದಿದ್ದರೆ ಬೇಜಾರು ಮಾಡ್ಕೋತಾಳೆ' ಎಂದರು ಅತ್ತೆ. 'ಇನ್ನೊಂದು ಸಲ ಖಂಡಿತ ಹೋಗ್ತೀವಿ ಅತ್ತೆ' ಅಂದು ಚಪ್ಪಲಿ ಮೆಟ್ಟಿದೆ.

ರೈಲಿನಲ್ಲಿ ಕೂತ ಹತ್ತೇ ನಿಮಿಷಕ್ಕೆ ನನ್ನ ಹಳೇ ಚಾಳಿ ಶುರು. ಮ್ಯಾಥ್ಸ್‌ನಲ್ಲಿ ಎಷ್ಟು ಬರಬಹುದು? ನಿನ್ನ ಫ್ರೆಂಡ್ಸೆಲ್ಲ ಯಾವ ಕಾಲೇಜು? ರಾಮನಗರದ ಬಂಡೆಗಳು ಕಾಣುವ ಹೊತ್ತಿಗೆ ಅವಳ ಕಿವಿಗೆ ಇಯರ್‌ಫೋನ್ ಏರಿತ್ತು. ಆಗ ಬುದ್ಧಿ ಬಂತು. ಮದ್ದೂರು ವಡೆ ಬಂದಾಗ ಎರಡು ಕೊಂಡು ಒಂದನ್ನು ಅವಳ ಕೈಗಿಟ್ಟು ಸುಮ್ಮನಾದೆ. ಕಷ್ಟವಾಯ್ತು ನಿಜ, ಬಾಯಿ ತುರಿಸುತ್ತಿತ್ತು! ಶ್ರೀರಂಗಪಟ್ಟಣದ ಸೇತುವೆ ಬಂದಾಗ ಅವಳೇ ಇಯರ್‌ಫೋನ್ ತೆಗೆದು, 'ಅಮ್ಮಾ ನೋಡು, ಕಾವೇರಿಲಿ ಬರೀ ಬಂಡೆ, ನೀರೇ ಇಲ್ಲ' ಅಂದಳು. ಎಷ್ಟೋ ವಾರಗಳ ನಂತರ ನಾನು ಕೇಳದೇ ಬಂದ ಮೊದಲ ಮಾತು ಅದು.

ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದೆವು. 1897ರಲ್ಲಿ ಮರದ ಹಳೇ ಅರಮನೆ ಸುಟ್ಟುಹೋದಾಗ, 1912ರಲ್ಲಿ ಹೊಸದು ಸಿದ್ಧವಾಗುವ ತನಕ ರಾಜಮನೆತನ ಇದ್ದದ್ದು ಇಲ್ಲೇ. ಇಲ್ಲಿನ ಕತ್ತಲ ಕೋಣೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ಇದೆಯಲ್ಲ, ಕೈಯಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಾಗಿ ಕಾಣುವುದು, ಅದನ್ನು ಬಹಳ ಜನ ರವಿವರ್ಮ ಬರೆದದ್ದು ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದಂಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಇದನ್ನು ಹೇಳಿದಾಗ ನನ್ನ ಮಗಳು ಒಂದು ಗಳಿಗೆ ನೋಡಿ, 'ಮಗಳನ್ನ ಅಷ್ಟು ಹೊತ್ತು ನೋಡಿದ್ರಾ? ನೀನು ನನ್ನ ನೋಡೋದು ಬೈಯೋಕೆ ಮಾತ್ರ' ಅಂದಳು. ನಗುತ್ತಲೇ ಅಂದದ್ದು. ಆದರೂ ಚುರುಕ್ಕೆಂದಿತು.

ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲು ದಾಟಿ ಹೊರಗೆ ಬರುವಷ್ಟರಲ್ಲಿ ನನಗೆ ದಿಕ್ಕೇ ತಪ್ಪಿತು. ಮೂರು ವರ್ಷ ಓದಿದ ಊರು! ಅವಳು ಫೋನಿನಲ್ಲಿ ಮ್ಯಾಪ್ ನೋಡಿ, ಆಟೋದವರ ಹತ್ತಿರ ಚೌಕಾಸಿ ಮಾಡಿ, 'ಹತ್ತು ಅಮ್ಮ' ಅಂದಳು. ಮನೆಯಲ್ಲಿ ಒಂದು ಲೋಟ ಎತ್ತಿಡಲು ನಾಲ್ಕು ಸಲ ಕೂಗಿಸಿಕೊಳ್ಳುವ ಹುಡುಗಿ ಇವಳೇನಾ ಅನಿಸಿತು. ಅವಳ ಹಿಂದೆ ಸುಮ್ಮನೆ ಹತ್ತಿ ಕೂತೆ.

ನಾನು ಓದಿದ ಕಾಲೇಜಿನ ಗೇಟು ಭಾನುವಾರ ಆದ್ದರಿಂದ ಮುಚ್ಚಿತ್ತು. ಹೊರಗೆ ನಿಂತೇ ಮರ ತೋರಿಸಿದೆ, ಕ್ಯಾಂಟೀನು ತೋರಿಸಿದೆ. ಆಮೇಲೆ ಅದೇನು ಅನಿಸಿತೋ, ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದನ್ನೂ ಹೇಳಿಬಿಟ್ಟೆ. 'ಮೊದಲನೇ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾಗಿದ್ದೆ ಕಣೇ. ನಿನ್ನ ತಾತಂಗೆ ಹೇಳಲೇ ಇಲ್ಲ. ಹಾಸ್ಟೆಲಿನಲ್ಲಿ ಅತ್ತು ಅತ್ತು, ಆಮೇಲೆ ಮತ್ತೆ ಕಟ್ಟಿ ಪಾಸು ಮಾಡಿಕೊಂಡೆ. ನಿಮ್ಮಪ್ಪಂಗೂ ಗೊತ್ತಿಲ್ಲ.' ಅವಳು ಕಣ್ಣರಳಿಸಿ, 'ನೀನಾ? ಫೇಲಾ?' ಅಂದಳು. ಮೆಸೇಜು ಓದಿದ್ದಕ್ಕೂ ಅಲ್ಲೇ ತಪ್ಪಾಯಿತು ಅಂದೆ. ಅದಕ್ಕೆ ಅವಳು ಏನೂ ಹೇಳಲಿಲ್ಲ.

ಸಂಜೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಡೆದು ದಣಿದು ಬೆಂಚಿನ ಮೇಲೆ ಕೂತೆವು. ಇಬ್ಬರ ಕಣ್ಣೂ ನೀರಿನ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಅವಳು ನಿಧಾನಕ್ಕೆ ಅಂದಳು, 'ಅಮ್ಮ, ನನಗೆ ಸೈನ್ಸ್ ಬೇಡ. ಆರ್ಟ್ಸ್ ತಗೋಬೇಕು ಅಂತ. ಅಪ್ಪಂಗೆ ಈಗಲೇ ಹೇಳ್ಬೇಡ.'

ಸುಳ್ಳು ಹೇಳುವುದಿಲ್ಲ ಗೆಳತಿಯರೇ. 'ಆರ್ಟ್ಸ್ ಓದಿ ಏನಾಗ್ತೀಯ, ನನ್ನ ಹಾಗಾ?' ಅನ್ನೋ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತು ಆಡಿದ್ದರೆ ಅವಳಿಗೂ ಅವಮಾನ, ನನಗೂ ಅವಮಾನ. ನುಂಗಿಕೊಂಡೆ. 'ಯಾವಾಗಿನಿಂದ ಹಾಗನ್ನಿಸ್ತಿದೆ?' ಅಂತ ಮಾತ್ರ ಕೇಳಿದೆ. ಒಂಬತ್ತನೇ ಕ್ಲಾಸಿನಿಂದಲೂ ಅಂತೆ! ಅಷ್ಟು ದಿನ ಒಂದೇ ಸೂರಿನಡಿ ಇದ್ದೂ ನನಗೆ ಗೊತ್ತಿರಲಿಲ್ಲ. ಇತಿಹಾಸ ಇಷ್ಟ, ಸೈಕಾಲಜಿ ಓದಬೇಕು, ಅಪ್ಪ ಕೋಚಿಂಗ್‌ಗೆ ದುಡ್ಡು ಕಟ್ಟಿಬಿಡ್ತಾರೇನೋ ಅಂತ ರಾತ್ರಿ ನಿದ್ದೆ ಬರಲ್ಲ... ಒಂದು ಗಂಟೆ ಮಾತಾಡಿದಳು. 'ಅಪ್ಪಂಗೆ ನಾನಾಗಿ ಹೇಳಲ್ಲ. ಆದರೆ ರಿಸಲ್ಟಿಗೆ ಮುಂಚೆ ನಾವಿಬ್ಬರೂ ಕೂತು ಹೇಳೋಣ' ಅಂದೆ. ಒಪ್ಪಿದಳು.

ಏಳು ಗಂಟೆಗೆ ದೊಡ್ಡ ಅರಮನೆಯ ಸುಮಾರು ಒಂದು ಲಕ್ಷ ದೀಪ ಒಟ್ಟಿಗೇ ಹತ್ತಿದಾಗ ಜನ ಎಲ್ಲ 'ಹೋ' ಎಂದರು. ಆ ಗದ್ದಲದಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ರಸ್ತೆ ದಾಟುವಾಗಲೂ ಬಿಡಿಸಿಕೊಳ್ಳುತ್ತಿದ್ದ ಕೈ ಅದು.

ಮನೆಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅನ್ನುವಂತಿಲ್ಲ. ವಾರದ ಮೇಲೆ ಯಜಮಾನರಿಗೆ ಹೇಳಿದೆವು. ನನ್ನ ಇಂಗ್ಲಿಷಿನ ಕಥೆಯನ್ನೂ ಅವತ್ತೇ ಒಪ್ಪಿಸಿದೆ. ಅದಕ್ಕೆ ನಕ್ಕರು, ಆರ್ಟ್ಸ್ ವಿಷಯಕ್ಕೆ ಎರಡು ದಿನ ಮಾತು ಬಿಟ್ಟರು. ಕೊನೆಗೆ ಪಿ.ಯು. ಅರ್ಜಿಯಲ್ಲಿ 'ಕಲಾ ವಿಭಾಗ' ಎಂದು ಬರೆದವರು ಅವರೇ, ಮುಖ ಗಂಟಿಕ್ಕಿಕೊಂಡೇ! ಮಗಳು ಈಗಲೂ ಹತ್ತಕ್ಕೆ ಆರು ಸಲ 'ಹೂಂ' ಅನ್ನುತ್ತಾಳೆ. ಉಳಿದ ನಾಲ್ಕು ಸಲ ಮಾತಾಡುತ್ತಾಳೆ. ನನಗೆ ಅದು ಸಾಕು.

ಮಕ್ಕಳು ಮಾತೇ ಆಡಲ್ಲ ಅಂತ ನಾವು ದೂರುತ್ತೇವೆ. ನಮ್ಮ ಬಗ್ಗೆ ನಾವು ಅವರಿಗೆ ಏನು ಹೇಳಿದ್ದೇವೆ? ಗೆದ್ದದ್ದು, ಕಷ್ಟಪಟ್ಟದ್ದು, 'ನಿಮ್ಮ ವಯಸ್ಸಲ್ಲಿ ನಾವು...' ಇಷ್ಟೇ. ನಾವು ಸೋತದ್ದನ್ನು ಹೇಳಿದರೆ ಅವರ ಭಯವನ್ನು ಹೇಳಿಕೊಳ್ಳಲು ಅವರಿಗೆ ಧೈರ್ಯ ಬರುತ್ತದೆ. ಮನೆಯಲ್ಲಿ ಕುಕ್ಕರಿನ ಸೀಟಿಯ ನಡುವೆ ಇದು ಆಗುವುದು ಕಷ್ಟ. ಅದಕ್ಕೇ ಒಂದು ದಿನ ಹೊರಗೆ ಹೋಗಿ ಬನ್ನಿ.

ಹೊರಡುವ ಮುಂಚೆ ಇಷ್ಟು ನೆನಪಿಡಿ:

* ಒಂದು ಸಲಕ್ಕೆ ಒಂದೇ ಮಗು. ತಮ್ಮ, ತಂಗಿ ಬಂದರೆ ಅವತ್ತೂ ನೀವು ಪಂಚಾಯ್ತಿ ಮಾಡುವುದೇ ಆಗುತ್ತದೆ. ನೆಂಟರ ಮನೆಯೂ ಬೇಡ.

* ಅರ್ಧ ದಿನದ ಯೋಜನೆ ನಿಮ್ಮದು, ಅರ್ಧ ಅವರದು. ಖರ್ಚಿನ ದುಡ್ಡು ಅವರ ಕೈಯಲ್ಲಿರಲಿ. ಲೆಕ್ಕ ಅವರೇ ಇಡಲಿ.

* ದುಬಾರಿ ಆಗಬೇಕಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ನಾವು ವಾಪಸ್ ಬಂದದ್ದೂ ಹಾಗೇ. ಇಬ್ಬರ ಗುರುತಿನ ಚೀಟಿ ಬ್ಯಾಗಿನಲ್ಲಿರಲಿ.

* ಕೇಳದೆ ಅವರ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅವರು ನಂಬಿ ಹೇಳಿದ್ದನ್ನು ಫೋನಿನಲ್ಲಿ ತಂಗಿಗೆ ಒಪ್ಪಿಸಬೇಡಿ.

* ಒಂದು ವಿಷಯದಲ್ಲಿ ಮಾತ್ರ ಗುಟ್ಟಿನ ಭಾಷೆ ಕೊಡಬೇಡಿ. ಯಾರೋ ಹಿಂಸೆ ಕೊಡುತ್ತಿದ್ದಾರೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದು ಮಗು ಹೇಳಿದರೆ ಬೈಯದೆ ಪೂರ್ತಿ ಕೇಳಿ, 'ಇದಕ್ಕೆ ಬೇರೆಯವರ ಸಹಾಯ ಬೇಕು, ನಾನು ಜೊತೆಗಿರ್ತೀನಿ' ಅನ್ನಿ. ಮಕ್ಕಳ ಸಹಾಯವಾಣಿ 1098 ಇದೆ. ವೈದ್ಯರಿದ್ದಾರೆ.

ಬೇಸಿಗೆ ರಜೆ ಬರುತ್ತದೆ, ಹೋಗುತ್ತದೆ. ಇನ್ನು ಎರಡು ಮೂರು ವರ್ಷಕ್ಕೆ ಹಾಸ್ಟೆಲು, ಕೆಲಸ ಅಂತ ಮಕ್ಕಳು ಹೊರಟೇಬಿಡುತ್ತಾರೆ. ಅಷ್ಟರೊಳಗೆ ಒಂದು ಭಾನುವಾರ ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಹೊರಡಿ. ಮನೆಯವರು ಒಂದು ದಿನ ಚಿತ್ರಾನ್ನ ತಿಂದು ಸುಧಾರಿಸಿಕೊಳ್ಳುತ್ತಾರೆ, ಏನಂತೀರಿ?