ಐದು ದಿನದ ತರಬೇತಿ, ನೂರು ವರ್ಷದ ತೊಲೆ

ಗಿರಣಿಯ ಬಂಧುಗಳನ್ನು ಮೊದಲು ಒಂದು ಮಾತು ಕೇಳುತ್ತೇವೆ. ಹೊಸದಾಗಿ ಬಂದ ಹುಡುಗನಿಗೆ ಐದು ದಿನ ಕಲಿಸಿ, ಆರನೆಯ ದಿನ ನೂಲುವ ಯಂತ್ರದ ಪೂರ್ತಿ ಹೊಣೆಯನ್ನು ಅವನ ತಲೆಗೆ ಕಟ್ಟಿದರೆ ನೀವು ಒಪ್ಪುತ್ತೀರಾ? ಅವನ ಬೆರಳು ಹೋದೀತು, ಪಕ್ಕದವನ ಪ್ರಾಣ ಹೋದೀತು ಎಂದು ಬಾಗಿಲಲ್ಲೇ ನಿಂತು ಜಗಳ ತೆಗೆಯುತ್ತೀರಿ. ಬಡಗಿಯ ವಿಷಯ ಬಂದಾಗ ಮಾತ್ರ ಸರ್ಕಾರ ಈ ಸಣ್ಣ ಲೆಕ್ಕವನ್ನು ಮರೆಯುತ್ತದೆ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. ಅದರಲ್ಲಿ 18 ಕಸುಬುಗಳು, ಬಡಗಿಯದೂ ಒಂದು. ಮೂಲ ತರಬೇತಿ ಐದರಿಂದ ಏಳು ದಿನ, ಮುಂದಿನದು 15 ದಿನ. ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. ಉಳಿ, ಗರಗಸ ಕೊಳ್ಳಲು ಹಣ ಕೊಡುವುದನ್ನು ನಾವು ಹಳಿಯುವುದಿಲ್ಲ. ಬಡವನ ಕೈಗೆ ಬಂದದ್ದು ಬರಲಿ. ಇದು ಕಸುಬು ಬಲ್ಲವರಿಗಾಗಿ ಮಾಡಿದ್ದು, ಅವರಿಗೆ ಇಷ್ಟು ದಿನ ಸಾಕು ಎಂದು ಅಧಿಕಾರಿಗಳು ವಾದಿಸುತ್ತಾರೆ. ಆಗಲಿ. ಹಾಗಾದರೆ ಕಸುಬು ಬಾರದ, ಕಲಿಯಬೇಕೆಂಬ ಹುಡುಗ ಎಲ್ಲಿಗೆ ಹೋಗಬೇಕು? ಅಪ್ಪ ಬಡಗಿಯಾಗಿದ್ದರೆ ಮನೆಯಲ್ಲೇ ಕಲಿಯಲಿ, ಇಲ್ಲದಿದ್ದರೆ ಬೇಡ ಎಂದೇ ಅರ್ಥವೇ? ಹುಟ್ಟಿಗೂ ಕಸುಬಿಗೂ ಗಂಟು ಹಾಕುವ ಈ ಹಳೆಯ ರೋಗಕ್ಕೆ ಸರ್ಕಾರವೇ ಮುದ್ರೆ ಒತ್ತಬಾರದು. ಇದೇ ಆಕ್ಷೇಪವನ್ನೆತ್ತಿ ತಮಿಳುನಾಡು ಸರ್ಕಾರ 2024ರಲ್ಲಿ ಯೋಜನೆಯನ್ನು ಒಪ್ಪಲಿಲ್ಲ.

ಹೊಸ ಮನೆಗೆ ಬಾಗಿಲು ಕೂರಿಸುವುದು ಒಂದು ಕೆಲಸ. ಹಳೆಯ ಕಟ್ಟಡವನ್ನು ನಿಲ್ಲಿಸುವುದು ಬೇರೆಯೇ ಕೆಲಸ. ಮದ್ರಾಸ್ ತಾರಸಿಯನ್ನು ನೋಡಿರಿ. ಸಾಗುವಾನಿಯ ಜಂತೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮಳೆನೀರು ಇಳಿದರೆ ಗೋಡೆಯೊಳಗೆ ಹೊಕ್ಕ ಜಂತೆಯ ತುದಿ ಮೊದಲು ಕೊಳೆಯುತ್ತದೆ. ಹೊರಗಿನಿಂದ ನೋಡುವವನಿಗೆ ಮರ ಗಟ್ಟಿಯಾಗಿಯೇ ಕಾಣುತ್ತದೆ. ಬಲ್ಲ ಬಡಗಿ ಅದನ್ನು ಬಡಿದು ಸದ್ದಿನಿಂದ ಗುರುತಿಸುತ್ತಾನೆ. ತಾರಸಿಗೆ ಊರೆ ಕೊಟ್ಟು, ಕೊಳೆತಷ್ಟನ್ನು ಮಾತ್ರ ಕತ್ತರಿಸಿ, ಹಣ್ಣಾದ ಹೊಸ ಮರದ ತುಂಡನ್ನು ಅದಕ್ಕೆ ಕಚ್ಚು ಹಾಕಿ ಬೆಸೆಯುತ್ತಾನೆ. ಇದು ಐದು ದಿನದ ವಿದ್ಯೆಯಲ್ಲ. ಟೆಂಡರು ಹಿಡಿದ ಗುತ್ತಿಗೆದಾರನಿಗೆ ಇದು ಬೇಕಾಗಿಯೂ ಇಲ್ಲ; ಸಿಮೆಂಟು ಮೆತ್ತಿ ಬಣ್ಣ ಬಳಿದರೆ ಅವನ ಬಿಲ್ಲು ಪಾಸಾಗುತ್ತದೆ.

ಇದರಿಂದ ನಮಗೇನು ಎಂದು ಸಣ್ಣ ವ್ಯಾಪಾರಿಗಳು ಕೇಳಬಹುದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ನಾಲ್ವರು ಸತ್ತರು. ಸಾಲು ಅಂಗಡಿಗಳಿಗೆ ಬೀಗ ಬಿತ್ತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಕೋರ್ಟಿನವರೆಗೆ ಹೋಯಿತು. ಸಮಿತಿಗಳು ಬಂದವು, ವರದಿಗಳು ಬಂದವು. ಹೂವು, ವೀಳ್ಯದೆಲೆ ಮಾರುವವನು ಮಾತ್ರ ನಾಳೆ ತನ್ನ ಅಂಗಡಿ ಇದ್ದೀತೋ ಇಲ್ಲವೋ ಎಂದು ದಿನ ಎಣಿಸಿದ. ಕುಸಿತದ ಕಾರಣಗಳನ್ನು ಇಂಜಿನಿಯರುಗಳು ಪಟ್ಟಿಮಾಡಲಿ. ನಾವು ಕೇಳುವುದು ಇಷ್ಟೇ: ವರ್ಷಕ್ಕೊಮ್ಮೆ ತಾರಸಿ ಹತ್ತಿ ಜಂತೆ ಬಡಿದು ನೋಡುವ ಕೈಗಳನ್ನು ಯಾವ ನಗರಸಭೆ ಸಂಬಳ ಕೊಟ್ಟು ಇಟ್ಟುಕೊಂಡಿದೆ? ಬಾಡಿಗೆ ವಸೂಲಿಗೆ ಗುಮಾಸ್ತನುಂಟು, ತೊಲೆ ನೋಡಲು ಬಡಗಿಯಿಲ್ಲ!

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಮರದ ಚಾವಣಿ 2019ರ ಏಪ್ರಿಲಿನಲ್ಲಿ ಸುಟ್ಟುಹೋಯಿತು. ಸುಮಾರು 2,000 ಓಕ್ ಮರ ತಂದು, ತೊಲೆಗಳನ್ನು ಕೊಡಲಿಯಿಂದ ಕೈಯಲ್ಲೇ ಕೆತ್ತಿ, ಹಳೆಯ ರೀತಿಯಲ್ಲೇ ಕಟ್ಟಿ, 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದರು. ಹಣ ಸಿರಿವಂತರದೂ ಇದ್ದೀತು. ಆದರೆ ಹಣ ತೊಲೆ ಕೆತ್ತುವುದಿಲ್ಲ. ಊರಿಂದೂರಿಗೆ ಹೋಗಿ, ಮೇಸ್ತ್ರಿಗಳ ಕೈಕೆಳಗೆ ವರ್ಷಗಟ್ಟಲೆ ದುಡಿದು ಕಲಿಯುವ ಪದ್ಧತಿಯನ್ನು ಆ ದೇಶ ಬಿಟ್ಟಿರಲಿಲ್ಲ. ಅದಕ್ಕೇ ಬೇಕಾದ ದಿನ ಬಡಗಿಗಳು ಸಿಕ್ಕರು.

ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ ಮೂರು ವರ್ಷದ, ಕೂಲಿ ಸಹಿತವಾದ ತರಬೇತಿ ಬೇಕು. ಅದರ ಬಾಗಿಲು ಎಲ್ಲ ಜಾತಿಯವರಿಗೂ, ಹೆಣ್ಣುಮಕ್ಕಳಿಗೂ ತೆರೆದಿರಬೇಕು. ಕಲಿಸುವವನು ಹಳೆಯ ಮೇಸ್ತ್ರಿಯೇ ಆಗಬೇಕು. ಪದವಿಯಿಲ್ಲವೆಂದು ಅವನ ಸಂಬಳ ಕಡಿಮೆಯಾಗಬಾರದು. ಸರ್ಕಾರಿ ಹಳೆಯ ಕಟ್ಟಡಗಳ ದುರಸ್ತಿ ಕಡಿಮೆ ದರದ ಟೆಂಡರಿಗೆ ಬೀಳಬಾರದು. ಕಲಿತವರ ಸಹಕಾರ ಸಂಘಕ್ಕೆ ಸಿಗಬೇಕು.

ಖರ್ಚು ಹೆಚ್ಚಾಯಿತು ಎನ್ನುವವರು, ಕುಸಿದ ತಾರಸಿಯ ಕೆಳಗೆ ಹೋದ ಜೀವದ ಬೆಲೆಯನ್ನು ಮೊದಲು ಹೇಳಲಿ. ಕಟ್ಟಡಕ್ಕೆ ಪಾರಂಪರಿಕ ಎಂಬ ಫಲಕ ತೂಗುಹಾಕಿ, ಅದನ್ನು ಕಟ್ಟಿದ ಕೈಯನ್ನು ಬೀದಿಗೆ ಬಿಡುವುದು ಪರಂಪರೆಯ ರಕ್ಷಣೆಯಲ್ಲ. ಕೈ ಉಳಿದರೆ ತೊಲೆ ಉಳಿದೀತು. ಮುಂದಿನ ನಗರಸಭೆಯ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿರಿ. ಗಿರಣಿಯವರೂ ಅಂಗಡಿಯವರೂ ಒಟ್ಟಾಗಿಯೇ ಎತ್ತಿರಿ.