ಪಟ್ಟಿಯ ತಳದಲ್ಲಿರುವ ಹೆಸರುಗಳು

ಶನಿವಾರ ಬೆಳಗ್ಗೆ ಈಸ್ಟ್ ಬ್ರನ್ಸ್‌ವಿಕ್‌ನಿಂದ ನಾವು ಮೈಸೂರಿಗೆ ವಿಡಿಯೊ ಕರೆ ಮಾಡುವ ಹೊತ್ತಿಗೆ ಅಲ್ಲಿ ದೇವರ ಮುಂದೆ ಸಂಜೆಯ ದೀಪ ಹಚ್ಚಿರುತ್ತಾರೆ. ಈ ಶರತ್ಕಾಲದ ಅಂಥದೊಂದು ಶನಿವಾರ, ಸೋಫಾದ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಹದಿನೇಳರ ಮೊಮ್ಮಗನನ್ನು ಪರದೆಯಲ್ಲಿ ಕಂಡು ನನ್ನ ಅತ್ತೆಯವರು ವಿಚಾರಿಸಿದರು: ‘ಅಷ್ಟು ಹೊತ್ತಿನಿಂದ ಫೋನಲ್ಲಿ ಏನೋ ಹುಡುಕ್ತಾ ಇದ್ದೀಯಲ್ಲ, ಏನದು?’

‘ಫುಟ್‌ಬಾಲ್ ಆಟಗಾರರನ್ನ ಅಜ್ಜಿ. ಯಾರೂ ಗಮನಿಸದೇ ಇರೋರನ್ನ.’

‘ದುಡ್ಡು ಕಟ್ಟಿ ಆಡೋದಾ? ಅದು ಜೂಜಲ್ಲವೇನೋ?’

ಮಗ ನಕ್ಕು ಸುಮ್ಮನಾದ. ಆದರೆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಅಮೆರಿಕದಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳನ್ನು ದೂರದಿಂದ ನೋಡುವ ಹಿರಿಯರಿಗೂ, ಮುಂದೆ ಇಲ್ಲಿಗೆ ಓದಲು ಬರಬೇಕೆಂದಿರುವ ತರುಣರಿಗೂ ಇದರ ಉತ್ತರ ತಿಳಿದಿರಬೇಕು. ನನ್ನ ಉತ್ತರ ಇಷ್ಟು: ಅದು ಜೂಜೂ ಆಗಬಲ್ಲದು, ಒಳ್ಳೆಯ ವಿದ್ಯೆಯೂ ಆಗಬಲ್ಲದು. ಅವೆರಡರ ನಡುವಿನ ಗೆರೆಯನ್ನು ಎಳೆಯಬೇಕಾದವರು ಮನೆಯವರೇ.

ಮೊದಲು ಆಟದ ಪರಿಚಯ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಆಟ. ಶನಿವಾರ ಕಾಲೇಜು ತಂಡಗಳದ್ದು, ಭಾನುವಾರ ವೃತ್ತಿಪರ ತಂಡಗಳದ್ದು. ಇದರ ನೆರಳಿನಂತೆ ನಡೆಯುವುದು ಫ್ಯಾಂಟಸಿ ಫುಟ್‌ಬಾಲ್. ಹತ್ತು ಹನ್ನೆರಡು ಮಂದಿ ಸೇರಿ ಒಂದು ಲೀಗ್ ಕಟ್ಟಿಕೊಂಡು, ಆಗಸ್ಟ್ ಕೊನೆಯಲ್ಲಿ ಸರದಿಯಂತೆ ನಿಜವಾದ ಆಟಗಾರರನ್ನು ತಮ್ಮ ಕಾಲ್ಪನಿಕ ತಂಡಕ್ಕೆ ಆರಿಸಿಕೊಳ್ಳುತ್ತಾರೆ. ಮೈದಾನದಲ್ಲಿ ಆ ಆಟಗಾರ ಹತ್ತು ಗಜ ಓಡಿದರೆ ಸಾಮಾನ್ಯವಾಗಿ ಒಂದು ಅಂಕ, ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಆರು ಅಂಕ. ಡ್ರೀಮ್ ಇಲೆವೆನ್ ಬಲ್ಲವರಿಗೆ ಇದು ಪರಿಚಿತವೆನಿಸಬಹುದು. ಆದರೆ ದೊಡ್ಡ ವ್ಯತ್ಯಾಸವೊಂದಿದೆ. ಅಲ್ಲಿ ಒಂದು ಪಂದ್ಯಕ್ಕೊಂದು ತಂಡ; ಒಬ್ಬನೇ ಆಟಗಾರನನ್ನು ಲಕ್ಷಾಂತರ ಮಂದಿ ಆರಿಸಬಹುದು. ಇಲ್ಲಿ ಇಡೀ ಋತುವಿಗೆ ಒಂದೇ ತಂಡ; ಒಬ್ಬರ ತಂಡ ಸೇರಿದವನು ಆ ಲೀಗಿನಲ್ಲಿ ಮತ್ತೊಬ್ಬರಿಗೆ ದಕ್ಕುವುದಿಲ್ಲ.

ಆದ್ದರಿಂದ ಹೆಸರಾಂತ ಆಟಗಾರರೆಲ್ಲ ಮೊದಲ ಸಂಜೆಯೇ ಮುಗಿದುಹೋಗುತ್ತಾರೆ. ಮುಂದಿನ ಮೂರು ತಿಂಗಳ ಗೆಲುವು ಸೋಲುಗಳು ಉಳಿದವರನ್ನು ಹುಡುಕುವುದರ ಮೇಲೆ ನಿಲ್ಲುತ್ತವೆ. ಯಾರ ತಂಡಕ್ಕೂ ಸೇರದ ಆಟಗಾರರ ಪಟ್ಟಿ ವಾರವಿಡೀ ತೆರೆದಿರುತ್ತದೆ. ಅನೇಕ ಲೀಗ್‌ಗಳಲ್ಲಿ ಕೊನೆಯ ಸ್ಥಾನದಲ್ಲಿರುವವರಿಗೆ ಅಲ್ಲಿಂದ ಮೊದಲು ಆರಿಸುವ ಹಕ್ಕು. ವೃತ್ತಿಪರ ಲೀಗಿನಲ್ಲಿ ಇರುವುದು 32 ತಂಡಗಳು ಮಾತ್ರ. ಅಲ್ಲಿ ಕಣ್ಣಿಗೆ ಬೀಳದವರು ಕಡಿಮೆ. ಕಾಲೇಜು ಫುಟ್‌ಬಾಲಿನ ಮೇಲ್ದರ್ಜೆಯಲ್ಲಿ 2025ರ ಋತುವಿಗೆ 136 ತಂಡಗಳಿದ್ದವು, ಪ್ರತಿ ತಂಡದಲ್ಲೂ ನೂರರ ಆಸುಪಾಸಿನ ಹುಡುಗರು. ಇಷ್ಟು ಮಂದಿಯನ್ನು ಯಾರೂ ಪೂರ್ತಿ ನೋಡಲಾರರು. ಅಲಕ್ಷಿತರು ಉಳಿಯುವುದು ಹೀಗೆ.

ಅವರನ್ನು ಕಂಡುಹಿಡಿಯುವ ಬಗೆ ಹೇಗೆ? ನನ್ನ ಮಗನ ಪಕ್ಕದಲ್ಲಿ ಕುಳಿತು ಎರಡು ಋತುಗಳ ಕಾಲ ಕಲಿತದ್ದನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಮೊದಲನೆಯದು, ಕಳೆದ ವಾರ ಇವನು ಎಷ್ಟು ಅಂಕ ಗಳಿಸಿದ ಎಂಬುದಲ್ಲ, ಇವನ ಕೈಗೆ ಎಷ್ಟು ಬಾರಿ ಚೆಂಡು ಕೊಟ್ಟರು ಎಂಬುದು. ಮೂರೇ ಬಾರಿ ಚೆಂಡು ಸಿಕ್ಕು, ಅದೃಷ್ಟವಶಾತ್ ಒಂದು ಓಟದಲ್ಲಿ ಎಂಬತ್ತು ಗಜ ಹೋದವನಿಗಿಂತ, ಇಪ್ಪತ್ತು ಬಾರಿ ಚೆಂಡು ಪಡೆದು ಎಪ್ಪತ್ತು ಗಜ ಹೋದವನನ್ನು ನಂಬಬಹುದು. ಅಂಕ ಅದೃಷ್ಟದಿಂದಲೂ ಬರುತ್ತದೆ. ಚೆಂಡು ಮತ್ತೆ ಮತ್ತೆ ಕೈಗೆ ಬರುವುದು ತರಬೇತುದಾರನ ವಿಶ್ವಾಸದಿಂದ. ಎರಡನೆಯದು, ಮೊದಲನೆಯವನು ನಿಂತರೆ ಮುಂದಿನ ಸರದಿ ಯಾರದು? ಮೂರನೆಯದು, ಇವನು ಎಲ್ಲಿಂದ ಬಂದ? ವಿದ್ಯಾರ್ಥಿ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಲು ಹೆಸರು ನೋಂದಾಯಿಸುವ ವ್ಯವಸ್ಥೆ 2018ರಲ್ಲಿ ಆರಂಭವಾದ ಮೇಲೆ, ಸಣ್ಣ ಕಾಲೇಜಿನಲ್ಲಿ ಚೆನ್ನಾಗಿ ಆಡಿದವನು ಮರುವರ್ಷ ದೊಡ್ಡ ತಂಡದಲ್ಲಿ ಅಪರಿಚಿತನಾಗಿ ಕಾಣಿಸಿಕೊಳ್ಳುತ್ತಾನೆ.

ಈ ಪ್ರಶ್ನೆಗಳ ಬೆಲೆ ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮೂರಿನಿಂದ ರೂಟ್ 18ರಲ್ಲಿ ಸಾಗಿ ರ‍್ಯಾರಿಟನ್ ನದಿ ದಾಟಿದರೆ ಪಿಸ್ಕಾಟವೇ. ಅಲ್ಲಿದೆ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ರೀಡಾಂಗಣ. ಕರ್ನಾಟಕದ ಎಷ್ಟೋ ಮಕ್ಕಳು ಎಂ.ಎಸ್. ಓದಲು ಬರುವ ಈ ರಟ್ಗರ್ಸ್, ಅಮೆರಿಕದ ಮೊದಲ ಅಂತರಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ಪ್ರಿನ್ಸ್‌ಟನ್ ತಂಡವನ್ನು 6–4ರಿಂದ ಸೋಲಿಸಿದ್ದು 1869ರ ನವೆಂಬರ್ 6ರಂದು, ಇಲ್ಲೇ ನ್ಯೂ ಬ್ರನ್ಸ್‌ವಿಕ್‌ನಲ್ಲಿ. ಹಿರಿಮೆ ಇತಿಹಾಸದ್ದು, ಇತ್ತೀಚಿನ ದಶಕಗಳಲ್ಲಿ ಅದು ಗೆಲುವಿಗೆ ಹೆಸರಾದ ತಂಡವಲ್ಲ. 2022ರಲ್ಲಿ ಗೆದ್ದದ್ದು ನಾಲ್ಕು, ಸೋತದ್ದು ಎಂಟು. ಅಂಥ ತಂಡದ ಓಟಗಾರನನ್ನು ಯಾರು ಆರಿಸಿಕೊಳ್ಳುತ್ತಾರೆ? ಆದರೆ ಮರುವರ್ಷ ಅದೇ ತಂಡದ, ನ್ಯೂಜೆರ್ಸಿಯವನೇ ಆದ ಕೈಲ್ ಮೊನಾಂಗೈ 1,262 ಗಜ ಓಡಿ, ಮಿಷಿಗನ್, ಒಹಾಯೊ ಸ್ಟೇಟ್‌ನಂಥ ಘಟಾನುಘಟಿ ತಂಡಗಳಿರುವ ‘ಬಿಗ್ ಟೆನ್’ ಕೂಟದಲ್ಲೇ ಮೊದಲಿಗನಾದ. ಆ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಮಯಾಮಿಯನ್ನು ಸೋಲಿಸಿದ ಪಂದ್ಯದಲ್ಲಿ ಅವನೇ ಶ್ರೇಷ್ಠ ಆಟಗಾರ. ಹೀಗಿದ್ದೂ 2025ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಅವನ ಹೆಸರು ಬಂದದ್ದು 233ನೆಯದಾಗಿ, ಕೊನೆಯ ಸುತ್ತಿನಲ್ಲಿ. ಷಿಕಾಗೊ ತಂಡದಲ್ಲಿ ಅವನು ಎರಡನೆಯ ಸಾಲಿನವನು. ನವೆಂಬರ್ 2ರಂದು ಮೊದಲ ಓಟಗಾರ ಗಾಯದಿಂದ ಹೊರಗುಳಿದಾಗ ಸಿಕ್ಕ ಅವಕಾಶದಲ್ಲಿ 176 ಗಜ ಓಡಿದ. ಕಾದಿದ್ದವನಿಗೆ ಸರದಿ ಬಂದಿತ್ತು. ಕಾದು ನೋಡಿದವರಿಗೂ ಫಲ ಸಿಕ್ಕಿತು.

ಕ್ಯಾಮ್ ಸ್ಕ್ಯಾಟೆಬೊ ಎಂಬವನದು ಇನ್ನೊಂದು ಬಗೆ. ಕೆಳದರ್ಜೆಯ ಸ್ಯಾಕ್ರಮೆಂಟೊ ಸ್ಟೇಟ್‌ನಲ್ಲಿ ಆಡುತ್ತಿದ್ದವನು ಅರಿಜೋನಾ ಸ್ಟೇಟ್‌ಗೆ ಬಂದ. 2024ರ ಋತುವಿಗೆ ಮುನ್ನ ಪತ್ರಕರ್ತರು ಹದಿನಾರು ತಂಡಗಳ ತಮ್ಮ ಪಟ್ಟಿಯಲ್ಲಿ ಆ ತಂಡವನ್ನು ಇರಿಸಿದ್ದು ಹದಿನಾರನೆಯ ಸ್ಥಾನದಲ್ಲಿ. ಅವನು 1,711 ಗಜ ಓಡಿದ. ತಂಡ ಆ ಕೂಟದ ಚಾಂಪಿಯನ್ ಆಯಿತು. ಈಗ ಅವನು ನಮ್ಮ ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿ ಆಡುವ ನ್ಯೂಯಾರ್ಕ್ ಜೈಂಟ್ಸ್ ತಂಡದವನು.

ಇದು ಅಮೆರಿಕದ ವಿಶೇಷವೇನಲ್ಲ. ನಮ್ಮ ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಹೊಡೆದದ್ದನ್ನು ಕನ್ನಡಿಗರು ಮರೆತಿಲ್ಲ. ಆಯ್ಕೆಗಾರರು ಕೆಲವೇ ತಿಂಗಳಲ್ಲಿ ಮರೆತರು. ಕರ್ನಾಟಕ ತಂಡದಲ್ಲೂ ಜಾಗವಿಲ್ಲವಾಗಿ ಅವರು ವಿದರ್ಭಕ್ಕೆ ಹೋದರು. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್, ರಣಜಿಯಲ್ಲಿ 863 ರನ್, ವಿದರ್ಭಕ್ಕೆ ರಣಜಿ ಕಿರೀಟ. 2025ರ ಜೂನ್‌ನಲ್ಲಿ, ಎಂಟು ವರ್ಷಗಳ ಬಳಿಕ, ಮತ್ತೆ ಭಾರತದ ಟೆಸ್ಟ್ ತಂಡ. ಸಾಮರ್ಥ್ಯವೆಂಬುದು ಅವರಲ್ಲಿ ಆ ಎಂಟು ವರ್ಷವೂ ಇತ್ತು; ನೋಡುವವರ ಕಣ್ಣು ಬೇರೆಡೆ ಇತ್ತು.

ಇಲ್ಲಿಗೆ ಬರಲಿರುವ ತರುಣರಿಗೆ ಈ ಹುಡುಕಾಟದಲ್ಲಿ ಒಂದು ಹಿತವಚನವಿದೆ ಎಂದು ನನಗನಿಸುತ್ತದೆ. ನಾವು ವಿಶ್ವವಿದ್ಯಾಲಯಗಳನ್ನು ಆರಿಸುವುದು ರ‍್ಯಾಂಕ್ ಪಟ್ಟಿಯ ಮೇಲ್ತುದಿಯಿಂದ; ಊರಿನಲ್ಲಿ ನೆಂಟರ ಮುಂದೆ ಹೇಳಿಕೊಳ್ಳಲು ಹೆಸರು ಬೇಕು. ಕಾಲೇಜು ಫ್ಯಾಂಟಸಿ ಆಡುವ ಹುಡುಗನಿಗೆ ಚೆನ್ನಾಗಿ ಗೊತ್ತಿರುವ ಸತ್ಯವೊಂದಿದೆ: ಪ್ರಖ್ಯಾತ ತಂಡದ ಬೆಂಚಿನ ಮೇಲೆ ಕುಳಿತವನಿಗೆ ಅಂಕ ಹುಟ್ಟುವುದಿಲ್ಲ. ಎಲ್ಲಿ ನನಗೆ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕೀತು, ಯಾವ ಪ್ರಾಧ್ಯಾಪಕರು ಸಮಯ ಕೊಟ್ಟಾರು, ಹಿಂದಿನ ವರ್ಷ ಅಲ್ಲಿಂದ ಹೊರಬಂದವರು ಏನು ಮಾಡುತ್ತಿದ್ದಾರೆ ಎಂಬ ಪ್ರಶ್ನೆಗಳೇ ‘ಎಷ್ಟು ಬಾರಿ ಚೆಂಡು ಕೈಗೆ ಬಂತು’ ಎಂಬುದರ ಇನ್ನೊಂದು ರೂಪ.

ಇನ್ನು ಅತ್ತೆಯವರ ಜೂಜಿನ ಪ್ರಶ್ನೆ. ಅವರ ಆತಂಕ ನಿರಾಧಾರವಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ತಂದು ಹಣದ ಆಟಗಳನ್ನು ನಿಲ್ಲಿಸಿತು. ನ್ಯೂಜೆರ್ಸಿಯ ದಾರಿ ಬೇರೆ. ಇಲ್ಲಿ ಹಣದ ಫ್ಯಾಂಟಸಿ ಆಟಗಳಿಗೆ 2017ರಲ್ಲಿ ಕಾನೂನಿನ ಚೌಕಟ್ಟು ಬಂತು. ಇದೇ ರಾಜ್ಯ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದ ಪ್ರಕರಣದಿಂದ 2018ರಲ್ಲಿ ಕ್ರೀಡಾ ಬೆಟ್ಟಿಂಗ್ ಬಾಗಿಲು ತೆರೆಯಿತು. ಇಪ್ಪತ್ತೊಂದು ತುಂಬಿದವರಿಗೆ ಅದು ಫೋನಿನಲ್ಲೇ ಲಭ್ಯ. ಗಮನಿಸಬೇಕಾದದ್ದು, ಈ ರಾಜ್ಯ ಕೂಡ ತನ್ನದೇ ಕಾಲೇಜು ತಂಡಗಳ ಮೇಲೆ ಬಾಜಿ ಕಟ್ಟಲು ಬಿಡುವುದಿಲ್ಲ. 2021ರ ನವೆಂಬರ್‌ನಲ್ಲಿ ಆ ತಡೆಯನ್ನು ತೆಗೆಯುವ ಪ್ರಸ್ತಾವವನ್ನು ಮತದಾರರೇ ತಿರಸ್ಕರಿಸಿದರು. ಮನೆಯ ಹುಡುಗರ ಮೇಲೆ ಪಣ ಕಟ್ಟಬಾರದೆಂಬ ವಿವೇಕ ಇಲ್ಲಿಯವರಿಗೂ ಇದೆ.

ಇಲ್ಲಿ ಓದಲು ಬರುವ ಮಕ್ಕಳಿಗೆ ನನ್ನ ಮಾತು ಸ್ಪಷ್ಟ: ಸಹಪಾಠಿಗಳು ಲೀಗಿಗೆ ಕರೆದರೆ ಹಿಂಜರಿಯದೆ ಸೇರಿ, ಸೋಮವಾರ ಬೆಳಗಿನ ಹರಟೆಯಲ್ಲಿ ನಿಮಗೂ ಒಂದು ಮಾತು ಸಿಗುತ್ತದೆ. ಹಣ ಕೇಳಿದರೆ ಎದ್ದು ಬನ್ನಿ. ಶಿಕ್ಷಣ ಸಾಲದ ದುಡ್ಡು ಆಟದ ಮೇಲೆ ಹೋಗಕೂಡದು. ನಮ್ಮ ನಾಲ್ಕೈದು ಕನ್ನಡ ಮನೆಗಳ ಲೀಗಿನಲ್ಲಿ ಕಾಸಿನ ಮಾತಿಲ್ಲ; ಕೊನೆಗೆ ಉಳಿದವರ ಮನೆಯಲ್ಲಿ ಎಲ್ಲರಿಗೂ ಬಿಸಿಬೇಳೆಬಾತು.

ಆದರೆ ಹಣ ಹೊರಗಿಟ್ಟ ಮಾತ್ರಕ್ಕೆ ಎಲ್ಲವೂ ಸರಿಯಾಯಿತೇ? ಇದನ್ನು ಕೇಳಿದವರೂ ಅತ್ತೆಯವರೇ. ತಾನು ಆ ವಾರ ಆರಿಸಿಕೊಂಡ ಎರಡನೆಯ ಸಾಲಿನ ಹುಡುಗನ ಬಗ್ಗೆ ಮಗ ಸಂಭ್ರಮದಿಂದ ವಿವರಿಸುತ್ತಿದ್ದ: ಮೊದಲನೆಯವನ ಮೊಣಕಾಲಿಗೆ ಪೆಟ್ಟಾಗಿದೆ, ಇನ್ನು ಇವನದೇ ಸರದಿ. ಅವರು ಎಲ್ಲವನ್ನೂ ಕೇಳಿ, ‘ಪಾಪ, ಆ ಮೊದಲನೆಯ ಹುಡುಗನಿಗೆ ಈಗ ಹೇಗಿದೆಯಂತೆ?’ ಎಂದರು. ಮಗನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಇಬ್ಬರೂ ಅವನ ಹೆಸರನ್ನು ಪಟ್ಟಿಯಿಂದ ತೆಗೆದಿದ್ದೆವು, ಅಷ್ಟೆ.

ರಟ್ಗರ್ಸ್ ತಂಡದಲ್ಲಿ ಎರಿಕ್ ಲೆಗ್ರ್ಯಾಂಡ್ ಎಂಬವರಿದ್ದರು, ನಮ್ಮದೇ ಮಿಡ್ಲ್‌ಸೆಕ್ಸ್ ಕೌಂಟಿಯವರು. 2010ರ ಅಕ್ಟೋಬರ್ 16ರಂದು ಆರ್ಮಿ ತಂಡದ ವಿರುದ್ಧದ ಪಂದ್ಯದಲ್ಲಿ ಎದುರಾಳಿಯನ್ನು ಕೆಡಹಲು ಹೋಗಿ ಕುತ್ತಿಗೆಯ ಮೂಳೆ ಮುರಿದು, ಕುತ್ತಿಗೆಯಿಂದ ಕೆಳಗೆ ಚಲನೆ ಕಳೆದುಕೊಂಡರು. ಮುಂದೆ ಅವರು ಪದವಿ ಮುಗಿಸಿದರು, ಕ್ರೀಡಾ ಪ್ರಸಾರದಲ್ಲಿ ದುಡಿದರು, ವುಡ್‌ಬ್ರಿಜ್‌ನಲ್ಲಿ ಕಾಫಿ ಅಂಗಡಿ ತೆರೆದರು. 2013ರಲ್ಲಿ ವಿಶ್ವವಿದ್ಯಾಲಯ ಅವರ 52ನೇ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡದೆ ಗೌರವಿಸಿತು. ಅಲ್ಲಿನ ಫುಟ್‌ಬಾಲ್ ಇತಿಹಾಸದಲ್ಲಿ ಅಂಥ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಅವರು ಆಡುತ್ತಿದ್ದುದು ರಕ್ಷಣೆಯ ಸಾಲಿನಲ್ಲಿ. ಬಹುಪಾಲು ಫ್ಯಾಂಟಸಿ ಲೀಗ್‌ಗಳಲ್ಲಿ ಆ ಸಾಲಿನ ಆಟಗಾರನಿಗೆ ಅವನದೇ ಹೆಸರಿನಲ್ಲಿ ಒಂದು ಅಂಕವೂ ಇಲ್ಲ. ಓಡುವವನಿಗೆ ದಾರಿ ಬಿಡಿಸಿಕೊಡುವ ದೈತ್ಯದೇಹಿಗಳಿಗೂ ಇಲ್ಲ. ನಾವು ‘ಯಾರೂ ಗಮನಿಸದವರನ್ನು’ ಹುಡುಕುತ್ತಿದ್ದೇವೆಂದು ಬೀಗುವ ಈ ಆಟವೇ ಮೈದಾನದ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಗಮನಿಸುವುದಿಲ್ಲ.

ಆದ್ದರಿಂದ ಹುಡುಕುವ ವಿದ್ಯೆಯನ್ನು ಮಕ್ಕಳು ಕಲಿಯಲಿ. ಹೆಸರಿಗೆ ಮರುಳಾಗದೆ ಕೆಲಸವನ್ನು ನೋಡುವ ಅಭ್ಯಾಸ ಯಾವ ದೇಶದಲ್ಲೂ ಕೆಲಸಕ್ಕೆ ಬರುತ್ತದೆ. ಜೊತೆಗೆ, ಪಟ್ಟಿಯಲ್ಲಿರುವ ಪ್ರತಿ ಹೆಸರೂ ಹತ್ತೊಂಬತ್ತು ಇಪ್ಪತ್ತರ ವಿದ್ಯಾರ್ಥಿಯದೆಂಬುದನ್ನು ಹೇಳಿಕೊಡುವವರೊಬ್ಬರು ಮನೆಯಲ್ಲಿರಲಿ. ನಮ್ಮ ಮನೆಯ ಲೀಗಿಗೆ ಈಗ ಒಂದು ನಿಯಮ ಸೇರಿದೆ. ಗಾಯಗೊಂಡವನ ಜಾಗಕ್ಕೆ ಮತ್ತೊಬ್ಬನನ್ನು ತೆಗೆದುಕೊಳ್ಳುವವರು, ಗಾಯಗೊಂಡವನು ಹೇಗಿದ್ದಾನೆಂದು ಮೊದಲು ತಿಳಿದು ಉಳಿದವರಿಗೂ ತಿಳಿಸಬೇಕು. ಶನಿವಾರದ ಕರೆಯಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.