ಕೋವಿಗೆ ಪೂಜೆ, ಕಸುಬಿಗೆ ಬೀಗ

ಗುರಿ ಇರಬೇಕಾದದ್ದು ಕೈಯಲ್ಲಿ, ಕೋವಿಯಲ್ಲಲ್ಲ ಎಂಬ ಮಾತನ್ನು ನಮ್ಮಲ್ಲಿ ಕೋವಿ ಹಿಡಿದವರೂ ಹೇಳುತ್ತಾರೆ, ಹಿಡಿಯದವರೂ ಹೇಳುತ್ತಾರೆ. ಕೇಳುವುದಕ್ಕೆ ಹಿತವಾಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಬೇರೆ ಬೆಂಬಲಕ್ಕೆ ನಿಂತಿದೆ. ಆದರೆ ಸ್ವಾಮಿ, ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಅದನ್ನು ಮಟ್ಟ ಮಾಡುವ ಕೆಲಸಗಾರ ಊರಲ್ಲೇ ಇಲ್ಲದಿದ್ದರೆ? ಕುಣಿಯುವವಳನ್ನೇ ಎಷ್ಟು ದಿನ ಬೈಯುತ್ತ ಕೂರುವುದು?

ಕೊಡಗಿನ ತೆಂಗಿನಕಾಯಿ ಗುರಿಯನ್ನೇ ತೆಗೆದುಕೊಳ್ಳಿ. ಗದ್ದೆಯ ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಬರುತ್ತದೆ. ಕೋವಿಯನ್ನು ಒರೆಸಿ, ಗಂಧವಿಟ್ಟು, ತೋಕ್‌ಪೂ ಮುಡಿಸುತ್ತಾರೆ. ತೋಕ್ ಎಂದರೆ ಕೋವಿ; ಕೋವಿಯ ಹೆಸರನ್ನೇ ಹೊತ್ತ ಹೂವು ಅದು, ಬೆಂಕಿಯ ನಾಲಿಗೆಯಂತೆ ಕೆಂಪು ಹಳದಿ. ಪೂಜೆ, ಊಟ ಮುಗಿದ ಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕಾಗದದ ಗುರಿಹಲಗೆಯ ಮುಂದೆ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ನಿಲ್ಲುವ ಆಟವಲ್ಲ ಇದು. ಎತ್ತಬೇಕು, ಕೆನ್ನೆಗೆ ಒತ್ತಬೇಕು, ಹೊಡೆಯಬೇಕು. ಹೆಂಗಸರೂ ಹೊಡೆಯುತ್ತಾರೆ. ನಮ್ಮ ನಾಡಿನಲ್ಲಿ ಬಳಕೆಯ ಕೋವಿಯಿಂದಲೇ ನಡೆಯುವ ಗುರಿಯ ಆಟವೆಂದರೆ ನನ್ನ ಮಟ್ಟಿಗೆ ಇದೇ.

ಈಗ ಒಂದು ಸಣ್ಣ ಲೆಕ್ಕ. ಚರೆಕೋವಿಗೆ ಹಿಂಬದಿಯ ಗುರಿಕಂಡಿ ಇರುವುದಿಲ್ಲ. ಹೊಡೆಯುವವರ ಕಣ್ಣೇ ಆ ಕಂಡಿ. ಆ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಕೆನ್ನೆಗೆ ಒತ್ತುವ ಹಿಡಿಯ ಮರ. ಕಣ್ಣಿನಿಂದ ನಳಿಗೆಯ ತುದಿಯ ಮಣಿಗೆ ಸುಮಾರು 90 ಸೆಂಟಿಮೀಟರ್. ಕಾಯಿ 30 ಮೀಟರ್ ದೂರದಲ್ಲಿದೆ ಎನ್ನಿ. ಮರ ಎತ್ತರವಾಗಿಯೋ ತಗ್ಗಾಗಿಯೋ ಕಣ್ಣು ಬರೀ 3 ಮಿಲಿಮೀಟರ್ ಆಚೀಚೆಯಾದರೆ ಹೊಡೆತ ಅಲ್ಲಿ 10 ಸೆಂಟಿಮೀಟರ್ ತಪ್ಪುತ್ತದೆ. ಸುಲಿದ ತೆಂಗಿನಕಾಯಿಯ ಅಗಲವೇ ಹೆಚ್ಚುಕಡಿಮೆ ಅಷ್ಟು. ಕಾಯಿಯ ನಡುವಿಗೆ ನೋಡಿ ಹೊಡೆದವರ ಗುಂಡು ಕಾಯಿಯನ್ನು ಮುಟ್ಟದೆಯೇ ಹೋಗುತ್ತದೆ.

ಮನೆಯ ಕೋವಿ ಅಜ್ಜನ ಕಾಲದ್ದು. ಟ್ರಿಗರ್‌ನಿಂದ ಹಿಡಿಯ ತುದಿಯವರೆಗೆ 14 ಅರ್ಧ ಇಂಚು. ಆರಡಿ ಗಂಡಸಿನ ತೋಳಿಗೆ ಕೊಟ್ಟ ಅಳತೆ. ಅದನ್ನೇ ಐದಡಿಯ ಮೊಮ್ಮಗಳ ಕೈಗೆ ಕೊಡುತ್ತೇವೆ. ಅವಳು ಬೆನ್ನು ಹಿಂದಕ್ಕೆ ಬಾಗಿಸಿ, ಕತ್ತು ಮುಂದಕ್ಕೆ ಚಾಚಿ, ಹಿಡಿಯನ್ನು ಭುಜದ ಗುಳಿಗೆ ಇಡಲಾಗದೆ ತೋಳಿನ ಮೇಲಿಟ್ಟು ಹೊಡೆಯುತ್ತಾಳೆ. ಒದೆತಕ್ಕೆ ತೋಳು ಕಪ್ಪುಗಟ್ಟುತ್ತದೆ. ಎರಡನೆಯ ಸಲ ಹೊಡೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಸುತ್ತ ನಿಂತವರು ಹೇಳುವುದೇನು? "ಹೆಣ್ಣುಮಕ್ಕಳಿಗೆ ಗುರಿ ಸ್ವಲ್ಪ ಕಮ್ಮೀನೇ." ಆ ಮರವನ್ನು ಒಂದೂವರೆ ಇಂಚು ಕೊಯ್ದು, ಕೆನ್ನೆಯ ಜಾಗವನ್ನು ಹದಕ್ಕೆ ತಂದು ಕೊಟ್ಟಿದ್ದರೆ ಈ ಮಾತು ಆಡಿದವರೇ ಸುಮ್ಮನಾಗುತ್ತಿದ್ದರು. ದರ್ಜಿಯ ಹತ್ತಿರ ರವಿಕೆಗೆ ಮೂರು ಸಲ ಅಳತೆ ಕೊಡುವ ನಾವು, ಮುಖದ ಪಕ್ಕದಲ್ಲೇ ಸಿಡಿಯುವ ವಸ್ತುವಿಗೆ ಒಂದು ಸಲವೂ ಅಳತೆ ಕೊಡುವುದಿಲ್ಲ.

ಮರದ ಮಾತು ಇಷ್ಟಾದರೆ ಟ್ರಿಗರ್‌ನದು ಇನ್ನೂ ಸೂಕ್ಷ್ಮ. ಕುದುರೆಯನ್ನು ತಡೆದು ಹಿಡಿದಿರುವ ಒಂದು ಕೊಂಡಿ ಇರುತ್ತದೆ. ಒಳ್ಳೆಯ ಸ್ಪರ್ಧಾ ಕೋವಿಗಳಲ್ಲಿ ಆ ಎರಡು ಉಕ್ಕಿನ ಅಂಚುಗಳು ಒಂದನ್ನೊಂದು ಕಚ್ಚಿರುವುದು ಅರ್ಧ ಮಿಲಿಮೀಟರ್‌ನ ಆಸುಪಾಸು. ಅಂಚು ಒರಟಾಗಿದ್ದರೆ ಟ್ರಿಗರ್ ತಡವರಿಸುತ್ತ, ಜಗ್ಗುತ್ತ ಬರುತ್ತದೆ. ಆ ಜಗ್ಗಾಟದಲ್ಲಿ ನಳಿಗೆ ಅಲುಗುತ್ತದೆ. ಇದನ್ನು ಸರಿಪಡಿಸುವುದು ಎಣ್ಣೆಕಲ್ಲಿನ ಮೇಲಿನ ಕೆಲಸ, ಅರದ ಕೆಲಸವಲ್ಲ. ಯಾಕೆಂದರೆ ಹಳೆಯ ಕೋವಿಗಳ ಈ ಭಾಗಗಳಲ್ಲಿ ಗಟ್ಟಿಯಾಗಿರುವುದು ಮೇಲಿನ ತೆಳು ಪದರ ಮಾತ್ರ. ಅರ ಹಾಕಿ ಆ ಪದರವನ್ನು ಉಜ್ಜಿಬಿಟ್ಟರೆ ಒಳಗಿನ ಮೆದು ಉಕ್ಕು ಹೊರಬರುತ್ತದೆ. ಮೊದಲ ವಾರ ಬೆಣ್ಣೆಯಂತೆ ಎಳೆಯುತ್ತದೆ, ಒಡೆಯ ಹಿಗ್ಗುತ್ತಾನೆ. ಆಮೇಲೆ ಅಂಚು ಸವೆಯುತ್ತ ಹೋಗಿ ಒಂದು ದಿನ ಹಿಡಿ ನೆಲಕ್ಕೆ ಬಡಿದ ಏಟಿಗೇ ಕೋವಿ ಹಾರುತ್ತದೆ. ಅಂಥ "ಹದ ಮಾಡಿದ" ಕೋವಿಗಳನ್ನು ನಾನು ನೋಡಿದ್ದೇನೆ. ಅದರ ಪಕ್ಕ ನಿಲ್ಲುವುದಕ್ಕಿಂತ ತುಮಕೂರು ರಸ್ತೆಯನ್ನು ಕಣ್ಣುಮುಚ್ಚಿಕೊಂಡು ದಾಟುವುದು ಲೇಸು.

ಅದಕ್ಕೇ ಜಗತ್ತಿನಲ್ಲಿ ಗಂಭೀರವಾಗಿ ಸ್ಪರ್ಧೆ ನಡೆಸುವವರು ಇದಕ್ಕೆ ಕಟ್ಟುನಿಟ್ಟು ಮಾಡಿದ್ದಾರೆ. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ 500 ಗ್ರಾಂ ತೂಕವನ್ನು ಎತ್ತಿ ತೋರಿಸಬೇಕು. 25 ಮೀಟರ್ ಪಿಸ್ತೂಲಿನದು 1,000 ಗ್ರಾಂ. ಓಡುತ್ತ, ಗೋಡೆಯ ಮರೆಯಿಂದ ಹೊಡೆಯುತ್ತ, ಗಡಿಯಾರದ ಜೊತೆ ಪಂದ್ಯ ಕಟ್ಟುವ ಪ್ರಾಕ್ಟಿಕಲ್ ಶೂಟಿಂಗ್ ಎಂಬ ಆಟಕ್ಕೆ 1976ರಲ್ಲಿ ಅಮೆರಿಕದ ಮಿಸ್ಸೌರಿಯಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟವೇ ಹುಟ್ಟಿತು. ಅಲ್ಲಿ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿ ನೋಡುತ್ತಾರೆ. 124 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 1,050 ಅಡಿ ಹೋದರೆ ಲೆಕ್ಕ 130ಕ್ಕೆ ಬರುತ್ತದೆ. 125ಕ್ಕಿಂತ ಕೆಳಗಿಳಿದರೆ ಅಂಕವೇ ಇಲ್ಲ. ಸ್ಪ್ರಿಂಗು, ಮದ್ದು, ಗುಂಡು ಮೂರೂ ಒಂದಕ್ಕೊಂದು ಹೊಂದಬೇಕು. ನಮ್ಮಲ್ಲಿ 9 ಮಿಲಿಮೀಟರ್ ಪಿಸ್ತೂಲು ನಿಷೇಧಿತ ವರ್ಗದ್ದು, ಸಾಮಾನ್ಯ ಪರವಾನಗಿದಾರನ ಕೈಗೆ ಬರುವಂಥದ್ದಲ್ಲ. ಆ ಆಟ ಇಲ್ಲಿ ಬೇರು ಬಿಡುವುದು ಕಷ್ಟ. ಇರಲಿ, ಆ ಆಟ ಬೇಕೇಬೇಕು ಎಂದು ನನ್ನ ವಾದವೂ ಅಲ್ಲ. ಇರುವ ಆಟಕ್ಕಾದರೂ ಕೋವಿ ನೆಟ್ಟಗೆ ಮಾಡುವವರು ಬೇಡವೇ?

ಸಾಮಾನು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಇಡೀ ದೇಶ ಟೀವಿಯ ಮುಂದೆ ಕೂತು ನೋಡಿದೆ. 2021ರ ಜುಲೈ 25ರಂದು ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆ ಕೆಟ್ಟಿತು. 60 ಹೊಡೆತಕ್ಕೆ ಇರುವುದು 75 ನಿಮಿಷ. ಅದರಲ್ಲಿ ಕಾಲು ಗಂಟೆಗೂ ಹೆಚ್ಚು ರಿಪೇರಿಗೇ ಹೋಯಿತು. 575 ಅಂಕ, 12ನೆಯ ಸ್ಥಾನ, ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಆಗ ನಮ್ಮ ಜನ ಆ ಹುಡುಗಿಯನ್ನು ಆಡಿಕೊಂಡದ್ದು ಎಷ್ಟು! 2024ರಲ್ಲಿ ಪ್ಯಾರಿಸ್‌ನಿಂದ ಅವರು ಎರಡು ಕಂಚು ತಂದರು. ಹುಡುಗಿಯ ಕೈ ಅದೇ, ಕಣ್ಣು ಅದೇ. ಮುರಿದದ್ದು ಒಂದು ಸನ್ನೆ. ಒಲಿಂಪಿಕ್ಸಿಗೆ ಹೋದವರ ಪಾಡೇ ಹೀಗಾದರೆ, ಕ್ಲಬ್ಬಿನ ಒಂದೇ ರೈಫಲನ್ನು ನಾಲ್ವರು ಹಂಚಿಕೊಂಡು ಅಭ್ಯಾಸ ಮಾಡುವ ಹುಡುಗರ ಗತಿ ಏನು? ಹಣವಿದ್ದವನ ಪಿಸ್ತೂಲು ಜರ್ಮನಿಯ ಉಲ್ಮ್‌ನಿಂದ ಬರುತ್ತದೆ, ಬಿಡಿಭಾಗವೂ ಅಲ್ಲಿಂದಲೇ. ಹಣವಿಲ್ಲದವನು ಕೆಟ್ಟದ್ದರಲ್ಲೇ ಹೊಡೆಯುತ್ತ, ತನ್ನ ಕೈಯೇ ಸರಿಯಿಲ್ಲವೆಂದು ನಂಬುತ್ತ, ಒಂದು ದಿನ ಆಟ ಬಿಡುತ್ತಾನೆ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಕೋವಿಯ ತಯಾರಿಕೆ, ಮಾರಾಟಕ್ಕೆ ಹೇಗೋ ಹಾಗೆ ರಿಪೇರಿಗೂ, ಪರೀಕ್ಷೆಗೂ ಪ್ರತ್ಯೇಕ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಅದನ್ನು ಮೀರಿದವರಿಗೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ ಸಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ರಾಜ್ಯದ ಹೈಕೋರ್ಟೂ ಎತ್ತಿ ಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ರಿಪೇರಿಗಲ್ಲ. ಈ ಕಟ್ಟುನಿಟ್ಟಿಗೆ ನನ್ನ ತಕರಾರಿಲ್ಲ. ಮೇಲೆ ಹೇಳಿದ ಅರದ ಕತೆ ಗೊತ್ತಿದ್ದವರು ಯಾರೂ ತಕರಾರು ಮಾಡುವುದಿಲ್ಲ. ತಕರಾರು ಇರುವುದು ಬೇರೆ ಕಡೆ. ಪರವಾನಗಿ ಇಲ್ಲದೆ ಮುಟ್ಟಬೇಡ ಎಂದ ಸರ್ಕಾರ, ಪರವಾನಗಿಗೆ ಯೋಗ್ಯನಾದ ಕಸುಬುದಾರ ಎಲ್ಲಿಂದ ಬರಬೇಕು ಎಂಬುದನ್ನು ಯೋಚಿಸಲೇ ಇಲ್ಲ. ಡಾಕ್ಟರಲ್ಲದವರು ಸೂಜಿ ಚುಚ್ಚಬಾರದು ಎಂದು ಕಾನೂನು ಮಾಡಿ ಮೆಡಿಕಲ್ ಕಾಲೇಜನ್ನೇ ತೆರೆಯದ ಹಾಗೆ. ಪೇಟೆಯ ಹಳೆಯ ಕೋವಿ ಅಂಗಡಿಗಳಲ್ಲಿ ಬೆಂಚಿನ ಮುಂದೆ ಕೂತಿರುವವರು ನರೆತ ತಲೆಯವರು. ಅವರ ಮಕ್ಕಳು ಆ ಸ್ಟೂಲಿನ ಮೇಲೆ ಕೂರಲು ಒಪ್ಪುತ್ತಿಲ್ಲ.

ನಾನಿರುವುದು ಮಾಕಳಿಯಲ್ಲಿ. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂತು. ಅಲ್ಲಿಂದ ಮುಂದಕ್ಕೆ ನಮ್ಮೂರು. ಊರಿನ ಕಡೆ ಪೀಣ್ಯ. ಅಲ್ಲಿಯ ಒಂದು ಟೂಲ್‌ರೂಮಿನಲ್ಲಿ ಹೊಟ್ಟೆ ಹೊರೆದವನಾದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ: ಕೋವಿಯ ಕೊಂಡಿಗೆ ಬೇಕಾದ ಕೈಚಳಕ ನಮ್ಮ ಈ ರಸ್ತೆಯ ಎರಡೂ ಬದಿಯಲ್ಲಿ ರಾಶಿ ಬಿದ್ದಿದೆ. ಅಚ್ಚಿನ ಅಂಚನ್ನು ಎಣ್ಣೆಕಲ್ಲಿನಿಂದ ಮೈಕ್ರಾನ್ ಲೆಕ್ಕದಲ್ಲಿ ಇಳಿಸುವ ಹುಡುಗರು, ಬೆರಳಿನಿಂದ ಸವರಿಯೇ ಗೆರೆ ಎಲ್ಲಿದೆ ಎಂದು ಹೇಳುವ ಹುಡುಗರು. ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನು 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಕಟ್ಟಿದರು. ಅಚ್ಚು ಮಾಡುವುದನ್ನು ಅಲ್ಲಿ ಕಲಿಸಲು ಬಂದರೆ, ಪೊಲೀಸರ ಕಣ್ಣಳತೆಯಲ್ಲಿ, ಲೆಕ್ಕ ಇಟ್ಟು, ಕೋವಿ ರಿಪೇರಿ ಕಲಿಸಲು ಏನು ಅಡ್ಡಿ? ಬೆಲ್ಜಿಯಮಿನ ಲೀಜ್‌ನಲ್ಲಿ, ಆಸ್ಟ್ರಿಯಾದ ಫೆರ್ಲಾಖ್‌ನಲ್ಲಿ ಇದಕ್ಕೆ ಶಾಲೆಗಳೇ ಇವೆ. ಅಲ್ಲಿ ಹುಡುಗರು ವರ್ಷಗಟ್ಟಲೆ ಕೂತು ಮರ ಕೊರೆಯುವುದರಿಂದ ಹಿಡಿದು ಕಲಿಯುತ್ತಾರೆ.

ಕಲಿಸುವವರು ಯಾರು ಎಂದೀರಿ. ಸೈನ್ಯದಲ್ಲಿ ಆರ್ಮರರ್ ಎಂಬ ಕೆಲಸವೇ ಇದೆ, ಪೊಲೀಸ್ ಇಲಾಖೆಯಲ್ಲೂ ಇದೆ. ದಿನಕ್ಕೆ ಹತ್ತಾರು ಬಂದೂಕು ಬಿಚ್ಚಿ ಜೋಡಿಸಿದ ಕೈಗಳು. ನಿವೃತ್ತಿಯಾಗಿ ಬಂದ ಅಂಥ ಒಬ್ಬರು ನಮ್ಮ ಕಡೆಯ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತು, ಬರುವ ಹೋಗುವ ಸ್ಕೂಟರುಗಳ ನಂಬರ್ ಬರೆದುಕೊಳ್ಳುತ್ತಾರೆ. "ಕಲಿಸ್ತೀರಾ ಸಾರ್?" ಎಂದು ಕೇಳಿದ್ದಕ್ಕೆ, "ಕೇಳೋರು ಯಾರಿದಾರೆ ಸಾರ್, ನೀವೇ ಮೊದಲು" ಎಂದರು.

ಇಷ್ಟು ಹೇಳಿದಾಗಲೆಲ್ಲ ಕಚೇರಿಯ ಮೇಜಿನ ಆಚೆಯಿಂದ ಒಂದೇ ಉತ್ತರ: ರಿಪೇರಿ ಕಲಿಸಿದರೆ ಕಳ್ಳಕೋವಿ ಹೆಚ್ಚುತ್ತದೆ. ಬಿಹಾರದ ಮುಂಗೇರ್ ನೋಡಿ ಎನ್ನುತ್ತಾರೆ. ನೋಡೋಣ, ಸರಿಯಾಗಿಯೇ ನೋಡೋಣ. ಪರವಾನಗಿ ಇರುವ ಕೋವಿ ಕಾರ್ಖಾನೆಗಳಿಗೂ ಮುಂಗೇರ್ ಹೆಸರುವಾಸಿ, ಕಳ್ಳ ಪಿಸ್ತೂಲಿಗೂ ಹೆಸರುವಾಸಿ. ಸಕ್ರಮದ ಕಾರ್ಖಾನೆಗಳಿಗೆ ಕೆಲಸ ಬತ್ತಿದಂತೆ ಅಲ್ಲಿನ ಕೈಗಳಿಗೆ ಹೊಟ್ಟೆಪಾಡಿನ ಇನ್ನೊಂದು ದಾರಿ ಕಂಡಿತು. ಕಸುಬು ಬೆಳೆಸಿದ್ದರಿಂದ ಆದ ಕೇಡಲ್ಲ ಅದು, ಕಸುಬನ್ನು ಹಸಿವಿಗೆ ಬಿಟ್ಟದ್ದರಿಂದ ಆದದ್ದು. ಮಲೆನಾಡಿನಲ್ಲೂ ಹಾಗೇ. ಹಂದಿ ಕಾಯುವ ರೈತನ ಕೇಪಿನ ಕೋವಿ ಕೆಟ್ಟರೆ ಅದು ಲೈಸೆನ್ಸಿನ ಅಂಗಡಿ ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಬರುವುದಿಲ್ಲ. ರಾತ್ರಿ ಹೊತ್ತು ಕುಲುಮೆಗೆ ಹೋಗುತ್ತದೆ. ಕುಲುಮೆಯವನು ಒಳ್ಳೆಯ ಕತ್ತಿ ಮಾಡಬಲ್ಲ. ಕೊಂಡಿಯ ಮೇಲಿನ ಗಟ್ಟಿ ಪದರದ ವಿಷಯ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನು ಹಾಕುವುದು ಅರವನ್ನೇ.

ಕೇಳುತ್ತಿರುವುದು ದೊಡ್ಡದೇನಲ್ಲ. ಒಂದು ಸಂಸ್ಥೆಯಲ್ಲಿ ಒಂದು ಕೊಠಡಿ, ಬೀಗವಿರುವ ಬೀರು, ಆರು ಬೆಂಚು, ಇಬ್ಬರು ನಿವೃತ್ತ ಆರ್ಮರರ್‌ಗಳು. ವರ್ಷಕ್ಕೆ ಆರೇ ಜನ ಕಲಿಯಲಿ, ಪೊಲೀಸ್ ತಪಾಸಣೆ ಆದವರೇ ಬರಲಿ. ಪ್ರತಿ ಕೋವಿಗೂ ನೋಂದಣಿ ಪುಸ್ತಕದಲ್ಲಿ ಬಂದ ದಿನ, ಬಿಚ್ಚಿದ ಭಾಗ, ಟ್ರಿಗರ್ ಎತ್ತಿದ ತೂಕ ಬರೆಯಲಿ. ಅಲ್ಲಿಂದ ಹೊರಬಂದವರ ರಿಪೇರಿ ಪರವಾನಗಿ ಅರ್ಜಿಗೆ ಇಂತಿಷ್ಟು ದಿನದಲ್ಲಿ ಹೂಂ ಅಥವಾ ಊಹೂಂ ಎಂದು ಉತ್ತರ ಕೊಡಲಿ. ಕೊಡಗಿಗೆ ಕೊಟ್ಟಿರುವ ವಿನಾಯಿತಿಯ ಅವಧಿ 2029ರ ಅಕ್ಟೋಬರ್‌ಗೆ ಮುಗಿಯುತ್ತದೆ. ಆಗ ಕೋವಿ ಇರಬೇಕೋ ಬೇಡವೋ ಎಂದು ಮತ್ತೆ ದೊಡ್ಡ ಗಲಾಟೆಯಾಗುತ್ತದೆ, ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತದೆ. ಅಷ್ಟರೊಳಗೆ ಒಂದು ತಂಡವಾದರೂ ಕಲಿತು ಹೊರಬಂದಿದ್ದರೆ, ಆ ಐದಡಿಯ ಹುಡುಗಿಯ ಕೋವಿಯ ಮರ ಕೊಯ್ಯುವುದಕ್ಕೆ ಯಾರಾದರೊಬ್ಬರು ಸಿಕ್ಕಿಯಾರು.